ಅಕ್ಕೋರನ್ನು ಕೇಳಿ: ಕೇರಿಗೆಲ್ಲ ಒಟ್ಟಿಗೆ ಸೋಲಾರ್

ಹಿಂದಿನ ಸಂಚಿಕೆಯಲ್ಲಿ ಪಂಪು ಮತ್ತು ಸುಟ್ಟ ಫ್ಯೂಸಿನ ಬಗ್ಗೆ ಬರೆಯುತ್ತ, ಕುಮಟಾದ ನಮ್ಮ ಕೇರಿಯಲ್ಲಿ 11 ಮನೆಯವರು ಸೇರಿ ಸೋಲಾರ್ ಹಾಕಿಸಿದ್ದನ್ನು ಒಂದು ಸಾಲಿನಲ್ಲಿ ಹೇಳಿದ್ದೆ. ಪಂಪಿನ ಬಗ್ಗೆ ಬರೆದ ಎರಡು ಪುಟ ಯಾರಿಗೂ ಬೇಡವಾಯಿತು. ಈ ಸಲ ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬೆನ್ನು ಹತ್ತಿದವು. ಆಗಲಿ. ಮೂವತ್ತು ವರ್ಷ ಹುಡುಗರಿಗೆ ಎಲೆಕ್ಟ್ರಿಕಲ್ ಕಲಿಸಿದವಳು ನಾನು, ಸ್ವಂತ ಮನೆಯ ಮಾಡಿನ ಮೇಲೆ ಮಾಡಿಕೊಂಡ ತಪ್ಪನ್ನೂ ಸೇರಿಸಿಯೇ ಹೇಳುತ್ತೇನೆ.

ಪ್ರಶ್ನೆ: ಅಕ್ಕೋರೆ, ನನ್ನ ಮಗ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಇದ್ದಾನೆ. ಅಲ್ಲಿ ಬಡಾವಣೆಯ ಜನ ಒಟ್ಟಾಗಿ ಒಬ್ಬನೇ ಕಂಟ್ರಾಕ್ಟರನಿಗೆ ಕೆಲಸ ಕೊಟ್ಟು, ಕಡಿಮೆ ಬೆಲೆಗೆ ಸೋಲಾರ್ ಹಾಕಿಸಿಕೊಂಡಿದ್ದರಂತೆ. ನಮ್ಮ ಕೇರಿಯಲ್ಲೂ 12 ಮನೆ ತಯಾರಿದೆ. ಒಟ್ಟಿಗೆ ಹೋದರೆ ಎಷ್ಟು ಕಡಿಮೆ ಮಾಡಿಸಬಹುದು? ಡಿಸ್ಕೌಂಟ್ ತೆಗೆದುಕೊಂಡರೆ ಸರ್ಕಾರದ ಸಬ್ಸಿಡಿ ತಪ್ಪುತ್ತದೆಯೇ?
— ಓದುಗಿ, ಅಂಕೋಲಾ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. 2009ರಲ್ಲಿ ಪೋರ್ಟ್‌ಲ್ಯಾಂಡಿನ ಆಗ್ನೇಯ ಭಾಗದ ನೆರೆಹೊರೆಯವರು ಇದನ್ನು ಶುರು ಮಾಡಿದರು. ಮೊದಲು ಎಲ್ಲರೂ ಕೂತು ವಿಷಯ ತಿಳಿದುಕೊಂಡರು. ಆಮೇಲೆ ಒಬ್ಬ ಕಂಟ್ರಾಕ್ಟರನನ್ನು ಆರಿಸಿದರು. ಆರೇ ತಿಂಗಳಲ್ಲಿ 130 ಮನೆಗಳ ಮೇಲೆ ಪ್ಯಾನೆಲ್ ಕೂತವು. ಇದಕ್ಕೆ ಅವರು ಇಟ್ಟ ಹೆಸರು ‘ಸೋಲರೈಸ್’. ಆಮೇಲೆ ಅಲ್ಲಿನ ಬೇರೆ ರಾಜ್ಯಗಳಿಗೂ ಹಬ್ಬಿತು.

ಕಂಟ್ರಾಕ್ಟರ್ ಬೆಲೆ ಯಾಕೆ ಇಳಿಸುತ್ತಾನೆ? ನಮ್ಮ ಮುಖ ನೋಡಿ ಅಲ್ಲ. ಒಂದೊಂದೇ ಗಿರಾಕಿಯನ್ನು ಹುಡುಕಿ, ಮನೆಗೆ ನಾಲ್ಕು ಸಲ ಬಂದು, ಒಂದು ಮನೆಗೋಸ್ಕರ ಗಾಡಿ ಮಾಡಿ ಹುಬ್ಬಳ್ಳಿಯಿಂದ ಸಾಮಾನು ತರುವುದಕ್ಕೆ ಅವನಿಗೆ ಖರ್ಚಿದೆ. ಹನ್ನೆರಡು ಮನೆ ಒಂದೇ ಕೇರಿಯಲ್ಲಿ ಸಿಕ್ಕರೆ ಆ ಖರ್ಚು ಉಳಿಯಿತು. ಅದರಲ್ಲಿ ಸ್ವಲ್ಪ ನಮಗೂ ಬಿಡುತ್ತಾನೆ, ಅಷ್ಟೇ. ಅದಕ್ಕಿಂತ ಜಾಸ್ತಿ ಜಗ್ಗಿದರೆ ಅವನು ಸಾಮಾನಿನಲ್ಲಿ ಕತ್ತರಿಸುತ್ತಾನೆ. ನಮಗೆ ಆದದ್ದು ಅದೇ.

ನಮ್ಮಲ್ಲಿ ಮೊದಲು 17 ಮನೆಯವರು ಕೈ ಎತ್ತಿದ್ದರು. 3 ಕಿಲೋವ್ಯಾಟ್‌ಗೆ ಒಬ್ಬೊಬ್ಬರೇ ಕೇಳಿದಾಗ ಸಿಕ್ಕ ಕೊಟೇಶನ್ 2,10,000 ರೂಪಾಯಿ. ಒಟ್ಟಿಗೆ ಕೇಳಿದಾಗ 1,96,000 ಅಂದ. ನಮ್ಮ ಕೇರಿಯಲ್ಲಿ ಮೀನು ವ್ಯಾಪಾರ ಮಾಡಿ ಪಳಗಿದ ಒಬ್ಬ ಅಮ್ಮ ಇದ್ದಾರೆ. ಅವರನ್ನು ಮುಂದೆ ಕೂರಿಸಿದೆವು. 1,88,000ಕ್ಕೆ ತಂದು ನಿಲ್ಲಿಸಿದರು! ಆವತ್ತು ಎಲ್ಲರಿಗೂ ಚಾ, ಬನ್ಸು.

2024ರ ಡಿಸೆಂಬರಿನಲ್ಲಿ ಕೆಲಸ ಮುಗಿಯಿತು. ಎರಡು ಮಳೆಗಾಲ ಬೇಡ, ಮೊದಲ ಮಳೆಗಾಲ ಕಳೆದ ಕೂಡಲೇ ನನ್ನ ತಾರಸಿಯ ಬೋಲ್ಟುಗಳ ಕೆಳಗೆ ಕೆಂಪು ಗೆರೆ ಇಳಿದಿತ್ತು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಒಂದು ಬೋಲ್ಟಿನ ತಲೆ ಬೆಲ್ಲದ ಚೂರಿನ ಹಾಗೆ ಕಳಚಿ ಕೈಗೆ ಬಂತು. ಹೋಗಿ ನೋಡಿದರೆ ಹನ್ನೊಂದೂ ಮನೆಯಲ್ಲಿ ಅದೇ ಕಥೆ. ಸ್ಟೀಲ್ ಬೋಲ್ಟಿನ ಜಾಗದಲ್ಲಿ ಬಿಳಿ ಬಣ್ಣಕ್ಕೆ ಹೊಳೆಯುವ ಸಾದಾ ಬೋಲ್ಟು ಹಾಕಿದ್ದ. ಕೇಳಿದರೆ, ‘ಕೊಟೇಶನ್‌ನಲ್ಲಿ ಬೋಲ್ಟು ಅಂತ ಮಾತ್ರ ಇತ್ತಲ್ಲ ಮೇಡಂ’ ಅಂದ. ಹೌದು, ಹಾಗೇ ಇತ್ತು. ಬರೆಸಿಕೊಳ್ಳದೆ ಇದ್ದವಳು ನಾನೇ. ಕೊನೆಗೆ ತದಡಿ ಬಂದರಿನಲ್ಲಿ ಬೋಟು ರಿಪೇರಿ ಮಾಡುವವರ ಹತ್ತಿರ ಹೋಗಿ ಉಪ್ಪುಗಾಳಿ ಹೆಚ್ಚು ತಾಳುವ 316 ದರ್ಜೆಯ ಸ್ಟೀಲ್ ಬೋಲ್ಟು ತಂದು ಎಲ್ಲ ಮನೆಯಲ್ಲೂ ಬದಲಿಸಿದೆವು. ಮಾಮೂಲಿ 304 ದರ್ಜೆಯ ಸ್ಟೀಲಿಗೂ 316ಕ್ಕೂ ಉಪ್ಪುಗಾಳಿಯಲ್ಲಿ ಏನು ವ್ಯತ್ಯಾಸ ಅಂತ ನನ್ನ ಪುಸ್ತಕಕ್ಕಿಂತ ಅವರಿಗೇ ಚೆನ್ನಾಗಿ ಗೊತ್ತು. ಮೊದಲೇ ಹಾಕಿಸಿದ್ದರೆ ಮನೆಗೆ ಎರಡು ಸಾವಿರದ ಒಳಗೆ ಮುಗಿಯುತ್ತಿತ್ತು. ಈಗ ಕೂಲಿ ಸೇರಿ ಅದರ ದುಪ್ಪಟ್ಟು ಹೋಯಿತು.

ಆದ್ದರಿಂದ ನಿಮ್ಮ 12 ಮನೆಯ ಬಲವನ್ನು ಪೂರ್ತಿ ರೂಪಾಯಿಯಲ್ಲಿ ಖರ್ಚು ಮಾಡಬೇಡಿ. ಕೊನೆಯ ಎಂಟು ಸಾವಿರ ಇಳಿಸುವ ಬದಲು ಅದನ್ನು ಸಾಮಾನಿನಲ್ಲಿ ಕೇಳಿ. ಕಂಬ, ಅಡ್ಡಪಟ್ಟಿ ಎಲ್ಲ ಹಾಟ್ ಡಿಪ್ ಆಗಿರಬೇಕು, ಅಂದರೆ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದದ್ದು. ಲೇಪದ ದಪ್ಪ 80 ಮೈಕ್ರಾನ್ ಅಂತ ಬರೆಸಿ. ತಾರಸಿ ಮೇಲೆ ಬಂದು ಪೈಪು ಕೊಯ್ದರೆ, ತೂತು ಕೊರೆದರೆ, ಅಲ್ಲಿ ಸತು ಹೋಯಿತು. ತುಕ್ಕು ಮೊದಲು ಹಿಡಿಯುವುದು ಆ ಬಾಯಿಗೇ. ಅದಕ್ಕೆ ಅಲ್ಲೇ ಸತುವಿನ ಪೇಂಟ್ ಹಚ್ಚಿಸಿ, ನೀವು ನಿಂತು ನೋಡಿ. ಪ್ಯಾನೆಲ್‌ಗೆ ಉಪ್ಪುಗಾಳಿಯ ಪರೀಕ್ಷೆ ಆಗಿದೆಯೇ ಕೇಳಿ. ಅದರ ನಂಬರ್ ಐ.ಇ.ಸಿ. 61701. ಈ ನಂಬರ್ ಬಾಯಲ್ಲಿ ಬಂದರೆ ಸಾಕು, ಎದುರಿಗಿದ್ದವನು ಸ್ವಲ್ಪ ನೆಟ್ಟಗೆ ಕೂರುತ್ತಾನೆ.

ಇನ್ನು ಸಬ್ಸಿಡಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. 3ರ ಮೇಲೆ ಎಷ್ಟು ಹಾಕಿಸಿದರೂ ಅಷ್ಟೇ. ಇದು ನಿಗದಿಯಾಗಿರುವುದು ಕಿಲೋವ್ಯಾಟ್ ಮೇಲೆ, ನೀವು ಕೊಟ್ಟ ಬೆಲೆಯ ಮೇಲಲ್ಲ. ಹಾಗಾಗಿ ಒಟ್ಟಿಗೆ ಹೋಗಿ ಗಿಟ್ಟಿಸಿದ ಡಿಸ್ಕೌಂಟ್ ಪೂರ್ತಿ ನಿಮ್ಮದೇ. ಆದರೆ ಎರಡು ಕಡೆ ಎಡವುವ ಸಂಭವ ಇದೆ. ಕಂಟ್ರಾಕ್ಟರ್ ಆ ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡವನೇ ಆಗಿರಬೇಕು. ಪ್ಯಾನೆಲ್ ಡಿ.ಸಿ.ಆರ್. ಆಗಿರಬೇಕು, ಅಂದರೆ ಒಳಗಿನ ಸೆಲ್ಲೂ ಭಾರತದ್ದು, ಪ್ಯಾನೆಲ್ಲೂ ಭಾರತದ್ದು. ಡಿ.ಸಿ.ಆರ್. ಅಲ್ಲದ್ದು ಅಗ್ಗ. ಯಾರಾದರೂ ನಂಬಲಾಗದಷ್ಟು ಕಡಿಮೆ ಬೆಲೆ ಹೇಳಿದರೆ ಮೊದಲು ಇದನ್ನೇ ಕೇಳಿ. ನಮಗಿಲ್ಲದ ಇನ್ನೊಂದು ಲಾಭವೂ ನಿಮಗಿದೆ: ಪ್ಯಾನೆಲ್ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ತೋರಿಸಿದರೆ ಒಪ್ಪಬೇಡಿ.

ನಮ್ಮ 17 ಮನೆ 11 ಆದದ್ದು ಹೇಗೆ ಅಂತಲೂ ಹೇಳಬೇಕು. ನಿಮ್ಮ 12ರಲ್ಲೂ ಹಾಗೇ ಆಗುತ್ತದೆ.

ಮೂರು ಮನೆಯವರಿಗೆ ನಾನೇ ಬೇಡ ಅಂದೆ. ಅವರ ಕರೆಂಟು ತಿಂಗಳಿಗೆ 80, 90 ಯೂನಿಟ್. ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ. ಸೊನ್ನೆ ಬಿಲ್ ಉಳಿಸಲು ಲಕ್ಷ ರೂಪಾಯಿ ಹಾಕುವುದು ಯಾಕೆ? 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರ ಲೆಕ್ಕ ಬೇರೆ. ನಮ್ಮದು ಏ.ಸಿ., ಗೀಸರ್, ಬಾವಿಯ ಪಂಪು ಎಲ್ಲ ಸೇರಿ ತಿಂಗಳಿಗೆ 300ರ ಹತ್ತಿರ ಹೋಗುತ್ತಿತ್ತು. ತೆರಿಗೆ ಗಿರಿಗೆ ಸೇರಿ ಯೂನಿಟ್‌ಗೆ ಆರೂವರೆ ರೂಪಾಯಿ ಹಿಡಿದರೆ ವರ್ಷಕ್ಕೆ 22–23 ಸಾವಿರ. ಸಬ್ಸಿಡಿ ಕಳೆದು ಕೈಯಿಂದ ಹೋದದ್ದು 1,10,000. ಐದು ವರ್ಷದಲ್ಲಿ ಅಸಲು ಬಂತು. ನಿಮ್ಮ ಕೇರಿಯ ಪ್ರತಿ ಮನೆಯ 12 ತಿಂಗಳ ಬಿಲ್ ತರಿಸಿ ಮೇಜಿನ ಮೇಲೆ ಇಡಿ. ಸಂಖ್ಯೆ ಕಡಿಮೆಯಾದರೆ ಡಿಸ್ಕೌಂಟ್ ಹೋಗುತ್ತದೆ ಅಂತ ಬೇಡದವರನ್ನು ಎಳೆದುಕೊಳ್ಳಬೇಡಿ. ನಾಳೆ ಅವರ ಮುಖ ನೋಡಿಕೊಂಡು ಅದೇ ಕೇರಿಯಲ್ಲಿ ಇರಬೇಕಲ್ಲ.

ಎರಡು ಮನೆ ತೆಂಗಿನ ನೆರಳಿಗೆ ಹೋಯಿತು. ಒಂದೇ ಒಂದು ಗರಿಯ ನೆರಳು ತಾನೇ ಅನ್ನಿಸುತ್ತದೆ. ಆದರೆ ಪ್ಯಾನೆಲ್‌ಗಳು ಒಂದರ ಹಿಂದೆ ಒಂದು ಸರಪಳಿಯ ಹಾಗೆ ಜೋಡಿಸಿದ್ದು. ಒಂದು ಸೆಲ್ ಕತ್ತಲಾದರೆ ಆ ಪ್ಯಾನೆಲ್‌ನ ಮೂರರಲ್ಲಿ ಒಂದು ಪಾಲಾದರೂ ಸುಮ್ನೆ ಕೂರುತ್ತದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಎಲ್ಲಿ ಓಡಾಡುತ್ತದೆ ಅಂತ ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಿಸೆಂಬರಿನಲ್ಲಿ ನೋಡಿದರೆ ಇನ್ನೂ ಒಳ್ಳೆಯದು, ಆಗ ಸೂರ್ಯ ದಕ್ಷಿಣಕ್ಕೆ ಬಗ್ಗಿರುತ್ತಾನೆ, ನೆರಳು ಉದ್ದ.

ಉಳಿದ ಒಂದು ಮನೆ? ಮೀಟರ್ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಅಜ್ಜ ತೀರಿಕೊಂಡು 19 ವರ್ಷ. ಅರ್ಜಿ ಹಾಕುವುದು ಆರ್.ಆರ್. ನಂಬರಿನ ಮೇಲೆ, ಸಬ್ಸಿಡಿ ಬರುವುದು ಆ ಹೆಸರಿನವರ ಬ್ಯಾಂಕ್ ಖಾತೆಗೆ. ಅಣ್ಣ ತಮ್ಮಂದಿರ ಒಪ್ಪಿಗೆ ಪತ್ರ, ಮರಣ ಪ್ರಮಾಣಪತ್ರ ಅಂತ ಅವರು ಓಡಾಡಿ ಮುಗಿಸುವಷ್ಟರಲ್ಲಿ ನಮ್ಮ ಮನೆಯ ಹೊಸ ಮೀಟರ್ ಆಗಲೇ ನಾವು ಲೈನಿಗೆ ಕೊಟ್ಟ ಕರೆಂಟನ್ನು ಎಣಿಸುತ್ತಿತ್ತು. ಕರಾವಳಿಯ ಹಳೆ ಮನೆಗಳಲ್ಲಿ ಇದು ಮಾಮೂಲು. ಎಲ್ಲಕ್ಕಿಂತ ಮೊದಲು ಹನ್ನೆರಡೂ ಮನೆಯ ಬಿಲ್ಲಿನ ಮೇಲಿರುವ ಹೆಸರು ನೋಡಿ.

ದುಡ್ಡಿನ ವಿಷಯ ಒಂದೇ ಮಾತು: ಯಾರೂ ಎಲ್ಲರ ಪರವಾಗಿ ದುಡ್ಡು ಸಂಗ್ರಹಿಸಬೇಡಿ, ಎಷ್ಟೇ ಒಳ್ಳೆಯವರಾಗಿರಲಿ. ಮಾತುಕತೆ ಒಟ್ಟಿಗೆ, ಕರಾರು ಮನೆಗೊಂದು, ಹಣ ಅವರವರ ಖಾತೆಯಿಂದ. ಪೂರ್ತಿ ಮುಂಗಡ ಕೊಡಬೇಡಿ. ನಾವು ಕೊನೆಯ ಕಂತನ್ನು ಹೊಸ ಮೀಟರ್ ಕೂತು ಚಾಲೂ ಆಗುವವರೆಗೆ ಹಿಡಿದಿಟ್ಟೆವು. ಯೋಜನೆಯ ಪ್ರಕಾರ ಐದು ವರ್ಷ ನೋಡಿಕೊಳ್ಳುವ ಹೊಣೆ ಕಂಟ್ರಾಕ್ಟರನದ್ದು. ಅದನ್ನೂ ಬರೆಸಿಕೊಳ್ಳಿ. ಹನ್ನೆರಡು ಮನೆ ಒಟ್ಟಿಗೆ ಇರುವುದರ ನಿಜವಾದ ಲಾಭ ಇಲ್ಲಿದೆ. ಒಬ್ಬರು ಫೋನ್ ಮಾಡಿದರೆ ‘ನೋಡುವಾ’ ಅನ್ನುವವನು, ಹನ್ನೆರಡು ಮನೆಯ ಹೆಸರು ಹೇಳಿದರೆ ಮರುದಿನ ಬರುತ್ತಾನೆ.

ಪ್ರಶ್ನೆ: ನಮ್ಮದು ಶಿರಸಿಯಿಂದ 18 ಕಿ.ಮೀ. ದೂರದ ಹಳ್ಳಿ. ಹಂಚಿನ ಮನೆ, ಸುತ್ತ ಅಡಿಕೆ ತೋಟ. ಆರಿದ್ರಾ ಮಳೆ ಹಿಡಿಯಿತು ಅಂದರೆ ಮೂರು ದಿನ ಕರೆಂಟು ಇಲ್ಲ. ಊರಿನ ಏಳು ಮನೆ ಸೇರಿ ಸೋಲಾರ್ ಹಾಕಿಸಿದರೆ ಕತ್ತಲೆಯ ಕಾಟ ತಪ್ಪುತ್ತದಲ್ಲವೇ? ಅಂಗಳದ ಮೇಲೆ ಚಪ್ಪರದ ಹಾಗೆ ಹಾಕಿಸುವ ಯೋಚನೆ ಇದೆ.
— ಕೃಷಿಕರು, ಶಿರಸಿ ತಾಲ್ಲೂಕು

ಉತ್ತರ: ತಪ್ಪುವುದಿಲ್ಲ ಮಾರಾಯ್ರೆ. ನಿರಾಸೆ ಆಗುತ್ತದೆ ಅಂತ ಗೊತ್ತು, ಆದರೂ ಮೊದಲೇ ಹೇಳಿಬಿಡುತ್ತೇನೆ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಲೈನಿಗೆ ಜೋಡಿಸಿದ ಸೋಲಾರ್. ಲೈನ್ ಹೋದರೆ ಅದರ ಇನ್ವರ್ಟರ್ ತಾನೂ ನಿಲ್ಲುತ್ತದೆ. ಕೆಟ್ಟು ನಿಲ್ಲುವುದಲ್ಲ, ನಿಲ್ಲಲೇಬೇಕು. ಮರ ಬಿದ್ದ ತಂತಿಯನ್ನು ಲೈನ್‌ಮನ್ ಕೈಯಲ್ಲಿ ಹಿಡಿದಿರುವಾಗ ನಿಮ್ಮ ಮಾಡಿನಿಂದ ಕರೆಂಟು ಹರಿದರೆ ಅವನ ಗತಿ ಏನು? ಬಿಸಿಲು ಚೆನ್ನಾಗಿರುವ ಹಗಲಿನಲ್ಲಿ ಕರೆಂಟು ತೆಗೆದರೂ ಅಷ್ಟೇ, ಪ್ಯಾನೆಲ್ ಸುಮ್ನೆ ಕಾಯುತ್ತಿರುತ್ತದೆ. ಕೈಗಾ, ಕದ್ರಾ, ಕೊಡಸಳ್ಳಿ, ಗೇರುಸೊಪ್ಪ ಹೀಗೆ ಕರೆಂಟು ತಯಾರಿಸುವ ಜಾಗಗಳೆಲ್ಲ ನಮ್ಮ ಜಿಲ್ಲೆಯಲ್ಲೇ ಇದ್ದೂ ನಾವು ಮೇಣದ ಬತ್ತಿ ಹುಡುಕುವುದು ತಪ್ಪಿಲ್ಲ, ಅದು ಬೇರೆ ಪುರಾಣ.

ಕತ್ತಲೆಗೆ ಬೇಕಾದದ್ದು ಬ್ಯಾಟರಿ. ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿ ಹಾಕಿಸಿದರೆ ಲೈನ್ ಇಲ್ಲದಾಗಲೂ ನಡೆಯುತ್ತದೆ. ಆದರೆ ಬ್ಯಾಟರಿಗೆ ಈ ಸಬ್ಸಿಡಿ ಇಲ್ಲ, ಬೆಲೆಯೂ ಜಾಸ್ತಿ. ಇನ್ನೊಂದು ತೊಡಕು ಇದೆ: ನಿಮ್ಮಲ್ಲಿ ಕರೆಂಟು ಹೋಗುವುದು ಯಾವಾಗ? ಮೋಡ ಕವಿದು ಹಗಲೇ ಕತ್ತಲಾದಾಗ. ನನ್ನ ಮನೆಯಲ್ಲಿ ಮಾರ್ಚ್‌ನಲ್ಲಿ ದಿನಕ್ಕೆ 13 ಯೂನಿಟ್ ಕೊಡುವ ಪ್ಯಾನೆಲ್, ಜುಲೈನ ಒಂದು ವಾರ ದಿನಕ್ಕೆ ಮೂರು ದಾಟಲಿಲ್ಲ. ಘಟ್ಟದ ಮೇಲೆ ನಿಮ್ಮದು ಇನ್ನೂ ಕಡಿಮೆ ಇರಬಹುದು. ದೀಪ, ಫ್ಯಾನು, ಮೊಬೈಲ್ ಚಾರ್ಜು, ವೈಫೈ ಇಷ್ಟೇ ಸಾಕು ಅಂದರೆ ಮಾಮೂಲಿ ಇನ್ವರ್ಟರಿಗೆ ಒಂದು ಒಳ್ಳೆಯ ಬ್ಯಾಟರಿ, ಎರಡು ಪ್ಯಾನೆಲ್ ಹಾಕಿಸಿಕೊಳ್ಳಿ. ಏಳು ಮನೆ ಸೇರಿ ತಂದರೆ ಅದಕ್ಕೂ ಡಿಸ್ಕೌಂಟ್ ಕೊಡುತ್ತಾರೆ.

ಅಂಗಳದ ಯೋಚನೆ ಬಿಟ್ಟುಬಿಡಿ. ಕೊಯ್ಲಿನ ಹೊತ್ತಿಗೆ ಅಡಿಕೆ ಎಲ್ಲಿ ಒಣಗಿಸುತ್ತೀರಿ? ಪ್ಯಾನೆಲ್‌ಗೂ ಅಡಿಕೆಗೂ ಬೇಕಾದದ್ದು ಒಂದೇ ಬಿಸಿಲು. ಕೊಟ್ಟಿಗೆಯ ಮಾಡು ದಕ್ಷಿಣಕ್ಕೆ ಇಳಿದಿದ್ದರೆ ಅದನ್ನು ನೋಡಿ. 3 ಕಿಲೋವ್ಯಾಟ್‌ಗೆ ಸುಮಾರು 300 ಚದರಡಿ ಜಾಗ ಬೇಕು. ದೊಡ್ಡ ಪ್ಯಾನೆಲ್ ಒಂದೊಂದು 28 ಕಿಲೋದ ಆಸುಪಾಸು, ಅಂಥವು ಆರು. ಪ್ಯಾನೆಲ್ ಹಿಡಿಯುವ ಕೊಕ್ಕೆಯನ್ನು ಹಂಚು ಕೂರುವ ತೆಳು ರೀಪಿಗೆ ಹೊಡೆಸಬೇಡಿ, ಹಂಚು ಸರಿಸಿ ಅದರ ಕೆಳಗಿನ ದಪ್ಪ ಪಕಾಸಿಗೇ ಕಚ್ಚಿಸಿ. ಮೊದಲು ಆಚಾರಿಯನ್ನು ಕರೆದು ಪಕಾಸಿಗೆ ಗೆದ್ದಲು ಹಿಡಿದಿದೆಯೇ ತಟ್ಟಿ ನೋಡಿಸಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಆಳು ಹತ್ತುತ್ತಾನಲ್ಲ, ಅವನಿಗೆ ಓಡಾಡುವಷ್ಟು ಜಾಗ ಬಿಡಿ. ಮಂಗ ಒಡೆದ ಹಂಚು ಪ್ಯಾನೆಲ್‌ನ ಅಡಿಗೆ ಸಿಕ್ಕಿಕೊಂಡರೆ ತೆಗೆಯುವುದು ಬಹಳ ಕಷ್ಟ.

ಪ್ರಶ್ನೆ: ಕಾರವಾರದಲ್ಲಿ ನಮ್ಮದು 16 ಫ್ಲ್ಯಾಟಿನ ಅಪಾರ್ಟ್‌ಮೆಂಟ್. ತಾರಸಿ ಎಲ್ಲರದ್ದೂ. ಯಾರ ಹೆಸರಿನಲ್ಲಿ ಹಾಕುವುದು ಅಂತ ಮೂರು ಮೀಟಿಂಗ್ ಆಯಿತು, ಜಗಳ ಮುಗಿದಿಲ್ಲ.
— ಸಂಘದ ಕಾರ್ಯದರ್ಶಿ, ಕಾರವಾರ

ಉತ್ತರ: ಯಾರ ಹೆಸರಿನಲ್ಲೂ ಬೇಡ, ಸಂಘದ ಹೆಸರಿನಲ್ಲೇ ಹಾಕಿ. ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ದೀಪ ಇವುಗಳ ಮೀಟರ್ ಬೇರೆ ಇರುತ್ತದಲ್ಲ, ಅದಕ್ಕೆ ಜೋಡಿಸಿ. ಅಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ, ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ, ಒಟ್ಟು 500 ಕಿಲೋವ್ಯಾಟ್‌ವರೆಗೆ. ಆ ಮೀಟರಿನ ಬಿಲ್ ಕಡಿಮೆಯಾದರೆ ಮೇಂಟೆನೆನ್ಸ್ ಇಳಿಯುತ್ತದೆ, ಹದಿನಾರು ಮನೆಗೂ. ನಾಲ್ಕನೇ ಮೀಟಿಂಗಿಗೆ ಕಳೆದ ವರ್ಷದ ಲಿಫ್ಟಿನ ಬಿಲ್‌ಗಳ ಮೊತ್ತ ಬರೆದುಕೊಂಡು ಹೋಗಿ.

ಪ್ರಶ್ನೆ: ಇಬ್ಬರು ಬಂದು, ‘ಮುಫ್ತ್ ಬಿಜಲಿ, ಪೂರ್ತಿ ಫ್ರೀ, ಕೇರಿಯವರೆಲ್ಲ ತಲಾ ಐದು ಸಾವಿರ ಕೊಟ್ಟು ಹೆಸರು ಬರೆಸಿ’ ಅಂದರು. ಕೊಡಬಹುದೇ?
— ಓದುಗರು, ಗೋಕರ್ಣ

ಉತ್ತರ: ಕೊಡಬೇಡಿ. ಸೂರ್ಯಘರ್ ಯೋಜನೆಯ ಹೆಸರಿನಲ್ಲಿ ಮುಫ್ತ್, ಅಂದರೆ ಪುಕ್ಕಟೆ, ಅಂತ ಇರುವುದು ಬಿಜಲಿಗೆ, ಅಂದರೆ ಕರೆಂಟಿಗೆ, ಪ್ಯಾನೆಲ್‌ಗೆ ಅಲ್ಲ. ಸಬ್ಸಿಡಿ ಕಳೆದು ಉಳಿದದ್ದು ನಿಮ್ಮ ಕೈಯಿಂದಲೇ, ಅದೂ ಮೊದಲು ಪೂರ್ತಿ ಕೊಟ್ಟು ಆಮೇಲೆ ಸಬ್ಸಿಡಿ ಬರುವುದು. ಕೈಯಲ್ಲಿ ಇಲ್ಲದಿದ್ದರೆ ಬ್ಯಾಂಕಿನಲ್ಲಿ 3 ಕಿಲೋವ್ಯಾಟ್‌ವರೆಗೆ 2 ಲಕ್ಷದ ತನಕ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಹೆಸರು ಬರೆಸುವುದು ಪೋರ್ಟಲ್‌ನಲ್ಲಿ, ನಿಮ್ಮ ಮೊಬೈಲಿನಿಂದ ನೀವೇ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ಪ್ಯಾನೆಲ್ ಸಿಡಿಲನ್ನು ಎಳೆಯುತ್ತದಂತೆ, ನಿಜವಾ? ತೆಂಗಿನಕಾಯಿ ಬಿದ್ದರೆ?
— ಓದುಗಿ, ಹೊನ್ನಾವರ

ಉತ್ತರ: ಎಳೆಯುವುದಿಲ್ಲ. ಆದರೆ ಹತ್ತಿರ ಎಲ್ಲಿ ಬಿದ್ದರೂ ತಂತಿಯಲ್ಲಿ ಬಂದು ಇನ್ವರ್ಟರ್ ಸುಡಬಹುದು. ಮೇ ತಿಂಗಳ ಗುಡುಗು ನಮ್ಮಲ್ಲಿ ತಮಾಷೆಯಲ್ಲ. ಪ್ಯಾನೆಲ್ ಕಡೆಗೆ, ಮನೆಯ ಕಡೆಗೆ, ಸಿಡಿಲಿನ ಕಡ್ಡಿಗೆ ಅಂತ ಮೂರು ಬೇರೆ ಬೇರೆ ಅರ್ಥಿಂಗ್ ಗುಂಡಿ ತೆಗೆಸಿ. ಒಂದೇ ಗುಂಡಿಗೆ ಮೂರೂ ತಂತಿ ಇಳಿಸಿ ಹೋಗುವವರಿದ್ದಾರೆ. ಚಿರೆಕಲ್ಲಿನ ನೆಲವಾದರೆ ಬೇಸಿಗೆಯಲ್ಲಿ ತೇವ ಇರುವುದಿಲ್ಲ, ಮೀಟರ್ ಹಿಡಿದು ಅಳೆದು ತೋರಿಸಲು ಹೇಳಿ. ತೆಂಗಿನಕಾಯಿಗೆ ನನ್ನ ಹತ್ತಿರ ಉಪಾಯ ಇಲ್ಲ. ಗಾಜು ಗಟ್ಟಿ, ಆಲಿಕಲ್ಲು ತಡೆಯುತ್ತದೆ, ಕಾಯಿ ತಡೆಯುವುದಿಲ್ಲ. ಮರ ಹತ್ತುವವರನ್ನು ಹೊತ್ತಿಗೆ ಸರಿಯಾಗಿ ಕರೆಸಿ.

ಪ್ರಶ್ನೆ: ಪ್ಯಾನೆಲ್ ತೊಳೆಯುವುದು ಎಷ್ಟು ದಿನಕ್ಕೊಮ್ಮೆ?
— ಓದುಗರು, ಭಟ್ಕಳ

ಉತ್ತರ: ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ. ಉಳಿದಂತೆ ಹದಿನೈದು ದಿನಕ್ಕೊಮ್ಮೆ, ಕಾಗೆ ಜಾಸ್ತಿ ಇದ್ದರೆ ವಾರಕ್ಕೊಮ್ಮೆ. ಸೋಪಿನ ಪುಡಿ ಬೇಡ, ಮೆತ್ತನೆ ಬಟ್ಟೆ ಸಾಕು. ನಡು ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಹೊಯ್ಯಬೇಡಿ. ಬಾವಿ ನೀರು ಸವಳು ಇದ್ದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ನಲ್ಲಿ ನೀರು ಹಿಡಿದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಏಳಕ್ಕೆ ಮೊಮ್ಮಗ ಪೈಪು ಹಿಡಿದು ಮೇಲೆ ಹೋಗುತ್ತಾನೆ. ನಾನು ಕೆಳಗೆ ನಿಂತು, ಆ ಮೂಲೆ ಬಿಟ್ಟೆ ನೋಡು ಅಂತ ಕೂಗುತ್ತಿರುತ್ತೇನೆ.